ಇದ್ದಿದ್ದರೆ ನೋಡಿಕೊಳ್ಳುತ್ತಿದ್ದೆವು

ಕಳೆದ ಯುಗಾದಿಯ ಊಟದಲ್ಲಿ ಸಂಪಾದಕರು ನಮ್ಮನ್ನು ಎಲೆಯ ಮುಂದೆಯೇ ಹಿಡಿದರು. ಬಾಯಲ್ಲಿ ಹೋಳಿಗೆ ಇರುವವರಿಗೆ "ಇಲ್ಲ, ಬರೆಯುವುದಕ್ಕೆ ಬಿಡುವಿಲ್ಲ" ಎಂದು ಹೇಳುವುದು ಕಷ್ಟ. "ನೀವು ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವರು. ಅಡುಗೆ ಸೋಡದ ಬಗ್ಗೆಯೋ, ಸ್ಟೀಲ್ ಪಾತ್ರೆಯ ಕಲೆ ತೆಗೆಯುವುದರ ಬಗ್ಗೆಯೋ ನಾಲ್ಕು ಮಾತು ಬರೆದುಕೊಡಿ, ಮನೆಮಂದಿಗೆ ಉಪಯೋಗವಾಗುತ್ತದೆ" ಎಂದರು. ಒಪ್ಪಿಕೊಂಡೆವು. ಆದರೆ ಬರೆಯಲು ಕುಳಿತಾಗ ಅಡುಗೆ ಸೋಡ ಹಿಂದೆ ಸರಿದು, ಆರು ತಿಂಗಳಿಂದ ನಮ್ಮ ತಲೆ ತಿನ್ನುತ್ತಿದ್ದ ಬೇರೊಂದು ವಿಷಯ ಮುಂದೆ ಬಂದು ನಿಂತಿತು. ಅದು ವ್ಯಾಕರಣ. ಅದೂ ಸ್ಪ್ಯಾನಿಷ್ ಭಾಷೆಯ ವ್ಯಾಕರಣ. ಸಂಪಾದಕರು ದೊಡ್ಡ ಮನಸ್ಸು ಮಾಡಬೇಕು. ಸೋಡವನ್ನು ಮುಂದಿನ ಸಂಚಿಕೆಗೆ ಇಟ್ಟುಕೊಳ್ಳೋಣ.

ಇಲ್ಲಿ "ನಾವು" ಎಂದರೆ ಗಂಡ ಹೆಂಡತಿ ಇಬ್ಬರು. ಬರೆಯುವ ಕೈ ಒಂದೇ, ಪ್ರಯೋಗಶಾಲೆಯಲ್ಲಿ ದುಡಿಯುವವರದು. ಆದರೆ ಒಪ್ಪಿಕೊಳ್ಳಬೇಕಾದ ತಪ್ಪು ಇಬ್ಬರದೂ ಆಗಿರುವುದರಿಂದ, "ನಾನು" ಎಂದು ಬರೆದರೆ ಒಬ್ಬರನ್ನು ಸುಮ್ಮನೆ ಬಿಟ್ಟುಬಿಟ್ಟಂತಾಗುತ್ತದೆ.

ಮೆಲ್ಬರ್ನಿನಲ್ಲಿ ಕೂತು, ಮನೆಯಲ್ಲಿ ಮಗಳಿಗೆ ಕನ್ನಡ ಕಲಿಸುವುದಕ್ಕೇ ಪುರುಸೊತ್ತಿಲ್ಲದವರಿಗೆ ಸ್ಪ್ಯಾನಿಷ್ ಯಾಕೆ ಬೇಕಾಯಿತು ಎಂದು ಓದುಗರು ಕೇಳಬಹುದು. ಅದಕ್ಕೆ ಕಾರಣ ಸಿಡ್ನಿಯಲ್ಲಿದೆ.

ಈ ದೇಶಕ್ಕೆ ಬಂದ ಮೊದಲ ನಾಲ್ಕು ವರ್ಷ ನಾವು ಸಿಡ್ನಿಯ ಪಶ್ಚಿಮದ ಫೇರ್‌ಫೀಲ್ಡ್‌ನಲ್ಲಿದ್ದೆವು. ಬಾಡಿಗೆ ಕಡಿಮೆ ಎಂದು ಅಲ್ಲಿಗೆ ಹೋದವರು. ನಮ್ಮ ಎದುರು ಬಾಗಿಲಿನಲ್ಲಿ ಚಿಲಿ ದೇಶದ ಒಬ್ಬ ವೃದ್ಧೆ ಇದ್ದರು. 1973ರ ಸೆಪ್ಟೆಂಬರಿನಲ್ಲಿ ಚಿಲಿಯ ಸೈನ್ಯ ಅಲ್ಲಿನ ಚುನಾಯಿತ ಅಧ್ಯಕ್ಷ ಅಯೆಂದೆಯವರ ಸರ್ಕಾರವನ್ನು ಉರುಳಿಸಿತು. ಆಮೇಲೆ ದೇಶ ಬಿಟ್ಟ ಸಾವಿರಾರು ಕುಟುಂಬಗಳಲ್ಲಿ ಎಷ್ಟೋ ಆಸ್ಟ್ರೇಲಿಯಕ್ಕೆ ಬಂದವು. ಬಂದವರಲ್ಲಿ ಅನೇಕರು ಫೇರ್‌ಫೀಲ್ಡ್ ಸುತ್ತಮುತ್ತ ನೆಲೆ ನಿಂತರು. ಈ ಅಜ್ಜಿಯೂ ಗಂಡನೊಂದಿಗೆ, ಕೈಗೂಸಿನೊಂದಿಗೆ, ವಿಲ್ಲಾವುಡ್‌ನ ವಲಸೆಗಾರರ ಹಾಸ್ಟೆಲಿನಲ್ಲಿ ಇಳಿದು, ಆಮೇಲೆ ಹೊಲಿಗೆ ಕಾರ್ಖಾನೆಯಲ್ಲಿ ದುಡಿದು ಸಂಸಾರ ಕಟ್ಟಿದವರು.

ನಮ್ಮ ಪುಟ್ಟಿ ಹುಟ್ಟಿದ್ದು ಅಲ್ಲೇ. ಊರಿನಿಂದ ಬಾಣಂತನಕ್ಕೆ ಯಾರೂ ಬರಲಾಗದ ಹೊತ್ತಿನಲ್ಲಿ, ಮಗುವಿಗೆ ಎಣ್ಣೆ ಒತ್ತಿ ನೀರು ಹಾಕುವುದನ್ನು ಕಂಡು ಬೆರಗಾಗಿ, ಮರುದಿನದಿಂದ ತಾವೇ ಟವಲು ಹಿಡಿದು ನಿಂತವರು ಅವರು. ಸ್ಪ್ಯಾನಿಷಿನಲ್ಲಿ ಅಜ್ಜಿಗೆ "ಅಬುವೇಲಾ" ಎನ್ನುತ್ತಾರೆ. ಪುಟ್ಟಿಗೆ ಮಾತು ಬಂದಾಗ ಅವಳು ಅವರನ್ನು "ಅಬುವೇಲಾ ಅಜ್ಜಿ" ಎಂದು ಕರೆಯತೊಡಗಿದಳು, "ಅಜ್ಜಿ ಅಜ್ಜಿ" ಎಂದು ಎರಡು ಸಲ ಹೇಳಿದ ಹಾಗೆ. ಸಂಜೆ ಐದಾದರೆ ಅವರ ಮನೆಯಲ್ಲಿ ಚಹ. ಆ ಸಂಜೆಯ ಚಹಕ್ಕೆ ಚಿಲಿಯವರು "ಒನ್ಸೆ" ಎನ್ನುತ್ತಾರೆ. ಒನ್ಸೆ ಎಂದರೆ ಹನ್ನೊಂದು. ಐದು ಗಂಟೆಯ ಚಹಕ್ಕೆ ಹನ್ನೊಂದು ಎಂಬ ಹೆಸರು ಯಾಕೆ ಎಂದು ನಾವು ಕೇಳಿದರೆ ಅವರು ನಕ್ಕು, ಬ್ರೆಡ್ಡಿನ ಮೇಲೆ ಬೆಣ್ಣೆಹಣ್ಣನ್ನು ಉಪ್ಪು ಹಾಕಿ ಮಸೆದು ಕೊಡುತ್ತಿದ್ದರು. ನಾವು ಅದಕ್ಕೆ ನಿಂಬೆಹಣ್ಣು ಹಿಂಡಿ, ಹಸಿಮೆಣಸಿನಕಾಯಿ ಹೆಚ್ಚಿ ಹಾಕಿದ ಮೇಲೆ ಅವರ ಮನೆಯಲ್ಲೂ ಅದೇ ಪದ್ಧತಿಯಾಯಿತು.

ಅವರ ಅಲ್ಮೇರಾದ ಮೇಲೆ ಎರಡು ಹಳೆಯ ಸೂಟ್‌ಕೇಸುಗಳಿದ್ದವು. ಸೈನ್ಯದ ಆಡಳಿತ ಮುಗಿದ ದಿನ ಊರಿಗೆ ಹೊರಡುವುದೆಂದು ಗಂಡ ಹೆಂಡತಿ ಮಾತಾಡಿಕೊಂಡು ಇಟ್ಟಿದ್ದವು. ಪಿನೊಚೆ 1990ರ ಮಾರ್ಚಿನಲ್ಲಿ ಅಧ್ಯಕ್ಷ ಪದವಿ ಬಿಟ್ಟಿಳಿದಾಗ ಮಗ ಇಲ್ಲಿ ಹೈಸ್ಕೂಲು ಮುಗಿಸುತ್ತಿದ್ದ, ಮನೆಯ ಸಾಲದ ಕಂತು ಉಳಿದಿತ್ತು. "ಮತ್ತೆ ನೀವು ಹೋಗಲಿಲ್ಲವೇ?" ಎಂದು ಒಮ್ಮೆ ಕೇಳಿದ್ದೆವು. ಅವರು ಭುಜ ಕುಣಿಸಿ "ನೊಸ್ ಕೆದಾಮೊಸ್" ಎಂದರು. ಆಗ ನಮಗೆ ಅದರ ಅರ್ಥ ಆಗಲಿಲ್ಲ. ಕೇಳುವುದೂ ಸಭ್ಯತೆ ಅಲ್ಲವೆನಿಸಿ ಸುಮ್ಮನಾದೆವು.

ಪುಟ್ಟಿಗೆ ಮೂರು ತುಂಬಿದಾಗ ಪ್ರಯೋಗಶಾಲೆಯ ಕೆಲಸದ ಮೇಲೆ ನಾವು ಮೆಲ್ಬರ್ನಿಗೆ ಬಂದೆವು. ವಾರಕ್ಕೊಮ್ಮೆ ಫೋನಿನಲ್ಲಿ ಅಬುವೇಲಾ ಸಿಗುತ್ತಿದ್ದರು. ಬರಬರುತ್ತಾ ಅವರ ಇಂಗ್ಲಿಷ್ ಜಾರತೊಡಗಿತು. ಮೊದಲು ಒಂದೊಂದು ಪದ, ಆಮೇಲೆ ಅರ್ಧ ವಾಕ್ಯ, ಕೊನೆಗೆ ಬರೀ ಸ್ಪ್ಯಾನಿಷ್. ಮರೆವಿನ ಕಾಯಿಲೆ ಎಂದು ಅವರ ಮಗ ತಿಳಿಸಿದರು. ಈ ಕಾಯಿಲೆಯಲ್ಲಿ ದೊಡ್ಡವರಾದ ಮೇಲೆ ಕಲಿತ ಭಾಷೆ ಮೊದಲು ಹೋಗಿ, ತಾಯಿಯ ಮಡಿಲಲ್ಲಿ ಕಲಿತದ್ದು ಉಳಿಯುವುದು ವಲಸೆ ಬಂದ ಮುದುಕರಲ್ಲಿ ಆಗಾಗ ಕಾಣುವ ಸಂಗತಿಯಂತೆ. ಐವತ್ತು ವರ್ಷಗಳ ಕಾಲ ಕೂಡಿಟ್ಟ ಇಂಗ್ಲಿಷ್ ಎರಡು ವರ್ಷದಲ್ಲಿ ಖರ್ಚಾಗಿ ಹೋಯಿತು. ಪುಟ್ಟಿ ಫೋನು ಹಿಡಿದು "ಅಬುವೇಲಾ ಅಜ್ಜಿ ಏನು ಹೇಳ್ತಿದಾರೆ?" ಎಂದರೆ ನಮ್ಮಲ್ಲಿ ಉತ್ತರವಿರಲಿಲ್ಲ. ಹೀಗಾಗಿ ಮಂಗಳವಾರದ ಸಂಜೆಗಳಲ್ಲಿ ಒಂದು ವಯಸ್ಕರ ತರಗತಿಗೆ ಸೇರಿಕೊಂಡೆವು. ಫಿಟ್ಜ್‌ರಾಯ್‌ನ ಜಾನ್‌ಸ್ಟನ್ ಸ್ಟ್ರೀಟಿನ ಆಸುಪಾಸಿನಲ್ಲಿ, ಸ್ಪ್ಯಾನಿಷ್ ಹೋಟೆಲುಗಳ ಬೆಳ್ಳುಳ್ಳಿ ವಾಸನೆ ಕಿಟಕಿಯಿಂದ ಬರುವ ಕೋಣೆ. ಪಾಠ ಹೇಳುವವರೂ ಚಿಲಿಯವರೇ, ವಾಲ್ಪರೈಸೊ ಬಂದರಿನ ಕಡೆಯ ಹೆಂಗಸು. ಮಿಡಲ್ ಸ್ಕೂಲಿನ ನಮ್ಮ ಕನ್ನಡ ಮೇಷ್ಟ್ರ ಹಾಗೆಯೇ ಕೆಂಪು ಮಸಿಯ ಮೇಲೆ ಬಹಳ ಪ್ರೀತಿ ಅವರಿಗೆ.

ಮೊದಲ ಕೆಲವು ವಾರ ನಾವು ದಡ್ಡರ ಬೆಂಚಿನಲ್ಲಿದ್ದೆವು. ಒಂದು ಮಂಗಳವಾರ ಮಾತ್ರ ನಮ್ಮ ದೆಸೆ ತಿರುಗಿತು. ಅಂದು ಬಂದ ಪಾಠ ಆತ್ಮಾರ್ಥಕ ಕ್ರಿಯಾಪದಗಳದು: ಮಾಡಿದವನ ಕೆಲಸ ಮಾಡಿದವನಿಗೇ ತಿರುಗಿ ಬರುವಂಥ ಪದಗಳು. ಸ್ಪ್ಯಾನಿಷಿನಲ್ಲಿ ಇವಕ್ಕೆ "ಸೆ" ಎಂಬ ಬಾಲ ಇರುತ್ತದೆ. "ಲಾಬಾರ್" ಎಂದರೆ ತೊಳೆ; "ಲಾಬಾರ್ಸೆ" ಎಂದರೆ ತೊಳೆದುಕೊ. ಜೊತೆಯವರೆಲ್ಲ ಇಂಗ್ಲಿಷ್ ಮಾತಾಡುವವರು, ತಲೆ ಕೆರೆದುಕೊಂಡರು. ಅವರ ಭಾಷೆಯಲ್ಲಿ ಕೈ ತೊಳೆದರೂ ಒಂದೇ, ತೊಳೆದುಕೊಂಡರೂ ಒಂದೇ. ನಮಗಾದರೋ ಅದು ಅಡುಗೆಮನೆಯ ಮಾತು. ಸೆಂತಾರ್ಸೆ, ಕುಳಿತುಕೊ. ಅಕೊಸ್ತಾರ್ಸೆ, ಮಲಗಿಕೊ. ಬೆಸ್ತೀರ್ಸೆ, ಉಟ್ಟುಕೊ. ಪೆಯಿನಾರ್ಸೆ, ತಲೆ ಬಾಚಿಕೊ. ಎನೊಹಾರ್ಸೆ, ಸಿಟ್ಟು ಮಾಡಿಕೊ. ಕೆದಾರ್ಸೆ, ಉಳಿದುಕೊ. ಎಲ್ಲಕ್ಕೂ ಅಚ್ಚುಕಟ್ಟಾಗಿ ನಮ್ಮ "ಕೊಳ್ಳು" ಕೂತುಕೊಂಡಿತು. "ಕಾಸಾರ್" ಎಂದರೆ ಮದುವೆ ಮಾಡು, "ಕಾಸಾರ್ಸೆ" ಎಂದರೆ ಮದುವೆ ಮಾಡಿಕೊ ಎಂದಾಗ ನಾವಿಬ್ಬರೂ ಜೋರಾಗಿ ನಕ್ಕೆವು. ತಂದೆ ಮಗಳ ಮದುವೆ ಮಾಡುವುದಕ್ಕೂ, ಮಗಳೇ ಹೋಗಿ ಮಾಡಿಕೊಳ್ಳುವುದಕ್ಕೂ ನಡುವೆ ಇರುವ ಮೂರಕ್ಷರದ ದೂರ ಎಷ್ಟೆಂಬುದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ವ್ಯತ್ಯಾಸ ಉಂಟು. ಸ್ಪ್ಯಾನಿಷಿನಲ್ಲಿ ಆ ಬಾಲ ಜನಕ್ಕೆ ತಕ್ಕಂತೆ ಬಣ್ಣ ಬದಲಿಸಿ ಕ್ರಿಯಾಪದದ ಮುಂದೆ ಬಂದು ನಿಲ್ಲುತ್ತದೆ: ನನಗೆ "ಮೆ", ನಿನಗೆ "ತೆ", ಅವನಿಗೂ ಅವಳಿಗೂ ಮರ್ಯಾದೆಯ ನೀವುಗಳಿಗೂ "ಸೆ", ನಮಗೆ "ನೊಸ್". ಕನ್ನಡದಲ್ಲಿ ಅಷ್ಟು ಕಟ್ಟಳೆಯಿಲ್ಲ. ಕೊಳ್ಳು ಎಂಬುದು ಮೂಲದಲ್ಲಿ ತೆಗೆದುಕೊ, ಪಡೆ ಎಂಬ ಅರ್ಥದ ಪೂರ್ತಿ ಕ್ರಿಯಾಪದ. ಅಂಗಡಿಯಲ್ಲಿ ಸೊಪ್ಪು ಕೊಳ್ಳುವುದೂ ಅದೇ. ಅದು ಇನ್ನೊಂದು ಕ್ರಿಯಾಪದದ ಬೆನ್ನಿಗೆ ನಿಂತರೆ ಕೆಲಸದ ಫಲ ಮಾಡಿದವನ ಮಡಿಲಿಗೆ ಬಿತ್ತು ಎಂದರ್ಥ. ಅದಕ್ಕೆ ಎದುರು ಜೋಡಿ "ಕೊಡು". ಓದಿಕೊಂಡ, ಓದಿಕೊಟ್ಟ. ಮಾಡಿಕೊಂಡಳು, ಮಾಡಿಕೊಟ್ಟಳು. ಕೊಡುವುದು, ಕೊಳ್ಳುವುದು ಎರಡನ್ನೂ ಕ್ರಿಯಾಪದದಲ್ಲೇ ಲೆಕ್ಕ ಬರೆದಿಟ್ಟ ಭಾಷೆ ನಮ್ಮದು.

ಆ ರಾತ್ರಿ ಮನೆಗೆ ಬಂದಾಗ ಪುಟ್ಟಿ ವರದಿ ಒಪ್ಪಿಸಿದಳು: "ನಾನು ಹಲ್ಲು ತೊಳೆದೆ, ತಲೆ ಬಾಚಿದೆ, ನೈಟ್‌ಡ್ರೆಸ್ ಹಾಕಿದೆ." ನಾವು ಮುಖ ಮುಖ ನೋಡಿಕೊಂಡೆವು. ಯಾರ ಹಲ್ಲು? ಯಾರ ತಲೆ? ಇಂಗ್ಲಿಷ್ ನೆಲದಲ್ಲಿ ಬೆಳೆಯುವ ನಮ್ಮ ಮಕ್ಕಳ ಕನ್ನಡದಲ್ಲಿ ಮೊದಲು ಉದುರುವ ಎಲೆಗಳಲ್ಲಿ ಈ ಕೊಳ್ಳು ಒಂದು. ನಿಮ್ಮ ಮನೆಯಲ್ಲೂ ಒಂದು ಸಂಜೆ ಕಿವಿಗೊಟ್ಟು ನೋಡಿ.

ಇಲ್ಲಿಯವರೆಗೆ ಎಲ್ಲ ನಗುವಿನ ವಿಷಯ. ಮುಂದಿನ ತಿಂಗಳು ಬಂದದ್ದು "ಕೊಂದಿಸಿಯೊನಾಲ್", ಅಂದರೆ ಹೀಗಿದ್ದರೆ ಹಾಗಾಗುತ್ತಿತ್ತು ಎನ್ನುವ ರೂಪ. ಮಾಡುವ ವಿಧಾನ ಬಹಳ ಸುಲಭ. ಬೇರೆ ಹಲವು ಕಾಲಗಳಲ್ಲಿ ಕ್ರಿಯಾಪದದ ತುದಿ ಕತ್ತರಿಸಿ ಪ್ರತ್ಯಯ ಹಚ್ಚಬೇಕು. ಇಲ್ಲಿ ಇಡೀ ಪದವನ್ನು ಹಾಗೇ ಇಟ್ಟುಕೊಂಡು ಹಿಂದೆ "ಇಯಾ" ಸೇರಿಸಿದರೆ ಆಯಿತು. ಅಂಕೆ ತಪ್ಪುವ ಕ್ರಿಯಾಪದಗಳು ಹತ್ತು ಹನ್ನೆರಡು ಇವೆ, ಅಷ್ಟೆ. ಕೆದಾರ್ಸೆ ಪದವನ್ನೇ ತೆಗೆದುಕೊಳ್ಳಿ. ಮೆ ಕೆದಾರಿಯಾ, ನಾನು ಉಳಿದುಕೊಳ್ಳುತ್ತಿದ್ದೆ. ತೆ ಕೆದಾರಿಯಾಸ್, ನೀನು ಉಳಿದುಕೊಳ್ಳುತ್ತಿದ್ದೆ. ಸೆ ಕೆದಾರಿಯಾ, ಅವಳು ಉಳಿದುಕೊಳ್ಳುತ್ತಿದ್ದಳು. ನೊಸ್ ಕೆದಾರಿಯಾಮೊಸ್, ನಾವು ಉಳಿದುಕೊಳ್ಳುತ್ತಿದ್ದೆವು. ಸೆ ಕೆದಾರಿಯಾನ್, ಅವರು ಅಥವಾ ನೀವೆಲ್ಲರೂ ಉಳಿದುಕೊಳ್ಳುತ್ತಿದ್ದಿರಿ. ಸ್ಪೇನಿನಲ್ಲಿ ಗೆಳೆಯರ ಗುಂಪಿಗೆ ಹೇಳುವ ಇನ್ನೊಂದು ರೂಪವಿದೆ, ಚಿಲಿಯವರು ಅದನ್ನು ಬಳಸುವುದಿಲ್ಲವಾದ್ದರಿಂದ ನಮ್ಮ ಟೀಚರು ಅದನ್ನು ನಮಗೆ ಮಾಫಿ ಮಾಡಿದರು.

ಸುಲಭವಾಗಿದ್ದ ಈ ಪಾಠದಲ್ಲಿ ನಾವು ಮುಗ್ಗರಿಸಿದ್ದು ಅರ್ಥದಲ್ಲಿ. ಸ್ಪ್ಯಾನಿಷಿನಲ್ಲಿ "ಬಿಬಿಯಾಮೊಸ್" ಎಂದರೆ ಹಿಂದೆ ನಾವು ವಾಸ ಮಾಡುತ್ತಿದ್ದೆವು. "ಬಿಬಿರಿಯಾಮೊಸ್" ಎಂದರೆ ಅನುಕೂಲ ಇದ್ದಿದ್ದರೆ ವಾಸ ಮಾಡುತ್ತಿದ್ದೆವು. ನಡುವೆ ಒಂದು "ರಿ" ಮಾತ್ರ ಹೆಚ್ಚು, ಆದರೆ ನಡೆದದ್ದಕ್ಕೂ ನಡೆಯದೇ ಇದ್ದುದಕ್ಕೂ ಮಧ್ಯೆ ಅದು ಬೇಲಿ ಹಾಕಿ ನಿಂತಿದೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು. "ಹಾಸನದಲ್ಲಿ ವಾಸ ಮಾಡುತ್ತಿದ್ದೆವು." ಮಾಡಿದ್ದೂ ಹೌದು, ಮಾಡದೇ ಹೋದದ್ದೂ ಹೌದು. ಮುಂದೆ "ಇದ್ದಿದ್ದರೆ" ಎಂಬುದೊಂದು ಇದ್ದರೆ ಸರಿ, ಅದನ್ನು ನುಂಗಿಬಿಟ್ಟರೆ ಕೇಳಿದವರು ಯಾವುದನ್ನು ಬೇಕಾದರೂ ಆರಿಸಿಕೊಳ್ಳಬಹುದು. ಕನ್ನಡದಲ್ಲಿ ಅನುಮಾನಕ್ಕೆ ಬೇರೆ ರೂಪವೂ ಇದೆ, ಶಾಲೆಯಲ್ಲಿ ಸಂಭಾವನಾರ್ಥಕ ಎಂದು ಕಲಿತದ್ದು. "ಬಂದೆವು" ಎಂದರೆ ಬಂದದ್ದಾಯಿತು. "ಬಂದೇವು" ಎಂದರೆ ಬಂದರೂ ಬರಬಹುದು. ದೀರ್ಘವೊಂದರಲ್ಲಿ ಇಡೀ ವಿಮಾನ ಪ್ರಯಾಣ ನಿಂತಿದೆ.

ಟೀಚರು ಅಂದು ಆಂದ್ರೆಸ್ ಬೆಲ್ಯೊ ಎಂಬ ಪಂಡಿತರ ಹೆಸರು ಹೇಳಿದರು. ವೆನೆಜುವೆಲಾದಲ್ಲಿ ಹುಟ್ಟಿ ಚಿಲಿಯಲ್ಲಿ ನೆಲೆಸಿ, 1847ರಲ್ಲಿ ಅಮೆರಿಕ ಖಂಡದ ಸ್ಪ್ಯಾನಿಷ್ ಜನರಿಗಾಗಿ ವ್ಯಾಕರಣ ಬರೆದವರು. ಅವರು ಈ ರೂಪಕ್ಕೆ ಕೊಟ್ಟ ಹೆಸರಿನ ಅರ್ಥ, ಭೂತಕಾಲದ ಆಚೆಗಿನದು ಎಂದು. ಹಿಂದೆ ಎಂದೋ ಒಂದು ಕಡೆ ನಿಂತುಕೊಂಡು ಮುಂದಿನದನ್ನು ನೋಡಿದರೆ ಕಾಣುವ ಕಾಲ. ಉದಾಹರಣೆಗೆ, "ಹಿಂತಿರುಗಿ ಬರುತ್ತೇವೆ ಎಂದಿದ್ದೆವು" ಎನ್ನುವಾಗ ಸ್ಪ್ಯಾನಿಷಿನವರು "ಬೊಲ್ಬೆರಿಯಾಮೊಸ್" ಎನ್ನುತ್ತಾರೆ. ನಮಗೆ ಅಲ್ಮೇರಾದ ಮೇಲಿನ ಸೂಟ್‌ಕೇಸುಗಳು ಕಣ್ಣಿಗೆ ಕಟ್ಟಿದವು.

ಮನೆಗೆಲಸವಾಗಿ ಐದು ವಾಕ್ಯ ಬರೆದು ತರಬೇಕಿತ್ತು. ನಿಮ್ಮ ನಿಮ್ಮ ಜೀವನದ ಸಂಗತಿಯೇ ಆಗಲಿ, ಪುಸ್ತಕದ್ದು ಬೇಡ ಎಂದು ಅಪ್ಪಣೆ. "ಇದ್ದಿದ್ದರೆ" ಎನ್ನುವ ಭಾಗಕ್ಕೆ ಬೇರೊಂದು ಕಷ್ಟದ ರೂಪ ಬೇಕು, ಅದನ್ನು ಮುಂದಿನ ವರ್ಷ ನೋಡೋಣ, ಸದ್ಯಕ್ಕೆ ಬಾಯಿಪಾಠ ಮಾಡಿ ಎಂದು ಅದನ್ನು ಮಾತ್ರ ಹಲಗೆಯ ಮೇಲೆ ಬರೆದುಕೊಟ್ಟರು. ನಾವು ಇಬ್ಬರೂ ಅಡುಗೆಮನೆಯ ಮೇಜಿನಲ್ಲಿ ಕೂತು ಬರೆದ ನಾಲ್ಕನೆಯ ವಾಕ್ಯ ಇದು: ನಾವು ಹಾಸನದಲ್ಲಿ ಇದ್ದಿದ್ದರೆ ಅಮ್ಮನನ್ನು ನೋಡಿಕೊಳ್ಳುತ್ತಿದ್ದೆವು.

ಅಮ್ಮ ನಮ್ಮಲ್ಲಿ ಒಬ್ಬರಿಗೆ ಹೆತ್ತ ತಾಯಿ, ಇನ್ನೊಬ್ಬರಿಗೆ ಅತ್ತೆ. ಕರೆಯುವುದು ಇಬ್ಬರೂ ಅಮ್ಮ ಎಂದೇ. ಬೆಂಗಳೂರಿನಲ್ಲಿ ಡಾಕ್ಟರೇಟಿನ ಪ್ರಬಂಧ ನಡೆಯುತ್ತಿದ್ದಾಗ ಅವರು ನಮ್ಮ ಜೊತೆಯಲ್ಲೇ ಇದ್ದರು. ನಾವು ಇತ್ತ ಹೊರಟ ಮೇಲೆ ಹಾಸನಕ್ಕೆ, ಅಣ್ಣ ಅತ್ತಿಗೆಯರ ಮನೆಗೆ ಹೋದರು. ಎರಡು ವರ್ಷದ ಹಿಂದೆ ಬಚ್ಚಲುಮನೆಯಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಆದರೆ ಒಬ್ಬರೇ ಎದ್ದು ಓಡಾಡುವುದು ನಿಂತಿತು. ಅಂದಿನಿಂದ ಅವರನ್ನು ಎಬ್ಬಿಸುವುದು, ಸ್ನಾನ ಮಾಡಿಸುವುದು, ತಲೆ ಬಾಚುವುದು ಎಲ್ಲ ಅತ್ತಿಗೆಯ ಕೈ. ಇಲ್ಲಿ "ಬಾಚಿಕೊಳ್ಳು" ಇಲ್ಲ, "ಬಾಚು" ಮಾತ್ರ. ನಮ್ಮ ಪಾಲಿನದು ಭಾನುವಾರದ ಫೋನು. ಅಲ್ಲಿಗೂ ಇಲ್ಲಿಗೂ ಬೇಸಿಗೆಯಲ್ಲಿ ಐದೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ. ಅದನ್ನು ಮಾತ್ರ ನಾವು ಒಮ್ಮೆಯೂ ತಪ್ಪಿಸಿಕೊಂಡಿಲ್ಲ.

ಆ ವಾಕ್ಯವನ್ನು ಸ್ಪ್ಯಾನಿಷಿಗೆ ತರುವಾಗ ನಮಗೆ ಸಂಶಯವೇ ಬರಲಿಲ್ಲ. ನೋಡಿಕೊಳ್ಳು ಎಂಬುದರಲ್ಲಿ ಕೊಳ್ಳು ಇದೆಯಲ್ಲ, ಹಾಗಾದರೆ ಆತ್ಮಾರ್ಥಕ. ನಮಗೆ ನೊಸ್. "ನೊಸ್ ಕ್ವಿದಾರಿಯಾಮೊಸ್" ಎಂದು ಬರೆದು, ಅದೂ ಈ ಪಾಠದಲ್ಲಿ ನಾವೇ ಮೊದಲಿಗರು ಎಂಬ ಹೆಮ್ಮೆಯಿಂದ ಒಪ್ಪಿಸಿದೆವು.

ಮುಂದಿನ ಮಂಗಳವಾರ ಹಾಳೆ ತಿರುಗಿ ಬಂತು. ನಾಲ್ಕನೆಯ ವಾಕ್ಯದ ಕೆಳಗೆ ಕೆಂಪು ಗೆರೆ. ಪಕ್ಕದಲ್ಲಿ ಮೂರೇ ಮಾತು: "ಇ ಲಾ ಮಾಮಾ?" ಅಂದರೆ, ಮತ್ತೆ ಅಮ್ಮ?

ತರಗತಿ ಮುಗಿದ ಮೇಲೆ ಅವರು ತಿಳಿಸಿ ಹೇಳಿದರು. "ಕ್ವಿದಾರ್" ಎಂದರೆ ಇನ್ನೊಬ್ಬರ ಆರೈಕೆ ಮಾಡುವುದು. ಅದಕ್ಕೆ ಬಾಲ ಹಚ್ಚಿ "ಕ್ವಿದಾರ್ಸೆ" ಎಂದರೆ ತನ್ನನ್ನು ತಾನು ಜೋಪಾನ ಮಾಡಿಕೊಳ್ಳುವುದು. ನೀವು ಬರೆದಿರುವುದು, ಹಾಸನದಲ್ಲಿ ಇದ್ದಿದ್ದರೆ ನಮ್ಮನ್ನು ನಾವು ಚೆನ್ನಾಗಿ ನೋಡಿಕೊಳ್ಳುತ್ತಿದ್ದೆವು ಎಂದು. ಅಮ್ಮ ಈ ವಾಕ್ಯದಲ್ಲಿ ಎಲ್ಲೂ ಕೂರುವುದಿಲ್ಲ. ಅಮ್ಮ ಬೇಕಾದರೆ ನೊಸ್ ತೆಗೆದು "ಲಾ" ಹಾಕಬೇಕು, "ಲಾ ಕ್ವಿದಾರಿಯಾಮೊಸ್".

ನಾವು ಸೋಲೊಪ್ಪದೆ ವಾದಿಸಿದೆವು. ನಮ್ಮ ಭಾಷೆಯಲ್ಲಿ ತಾಯಿಯನ್ನು ನೋಡಿಕೊಳ್ಳುವಾಗಲೂ ಈ ಬಾಲ ಇರುತ್ತದೆ, ಬರೀ "ನೋಡು" ಎಂದರೆ ಕಣ್ಣಿನಿಂದ ನೋಡಿದಷ್ಟೇ ಆಗುತ್ತದೆ ಎಂದೆವು. ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ನಿಮ್ಮಲ್ಲಿ ತಾಯಿಯ ಆರೈಕೆ ಕೂಡ ತನಗಾಗಿ ಮಾಡಿಕೊಳ್ಳುವ ಕೆಲಸ. ಒಳ್ಳೆಯ ಭಾಷೆ" ಎಂದು ದೀಪ ಆರಿಸಿದರು.

ಟ್ರ್ಯಾಮಿನಲ್ಲಿ ಬರುವಾಗ ನಾವಿಬ್ಬರೂ ಮಾತಾಡಲಿಲ್ಲ. ಇಬ್ಬರಿಗೂ ನೆನಪಾಗುತ್ತಿದ್ದುದು ಒಂದೇ ಮಾತು. ಹಿಂದಿನ ದೀಪಾವಳಿಯ ಫೋನಿನಲ್ಲಿ ನಾವು ಅತ್ತಿಗೆಗೆ ಎಂದಿನಂತೆ, "ನಾವು ಅಲ್ಲಿದ್ದಿದ್ರೆ ಅಮ್ಮನ್ನ ನೋಡ್ಕೋತಿದ್ವಿ ಅತ್ತಿಗೆ, ಏನ್ಮಾಡೋದು, ನಿಮ್ಮೊಬ್ಬರ ಮೇಲೇ ಬಿತ್ತು" ಎಂದಿದ್ದೆವು. ಅತ್ತಿಗೆ ಒಲೆಯ ಮುಂದೆ ಇದ್ದರೆಂದು ಕಾಣುತ್ತದೆ, ಎಣ್ಣೆಯ ಚುರುಗುಟ್ಟುವ ಸದ್ದಿನ ನಡುವೆ "ನೋಡ್ಕೋತಿದ್ರಿ ಬಿಡಿ, ನಂಗೊತ್ತಿಲ್ವಾ" ಎಂದಿದ್ದರು. ಅಂದು ಅದನ್ನು ನಾವು ಸಮಾಧಾನದ ಮಾತು ಎಂದೇ ತೆಗೆದುಕೊಂಡಿದ್ದೆವು. ಯಾವ "ನೋಡ್ಕೋತಿದ್ರಿ" ಅದು? ಬೆಂಗಳೂರಿನಲ್ಲಿದ್ದಾಗ ನೋಡಿಕೊಳ್ಳುತ್ತಿದ್ದಿರಿ, ಅದನ್ನು ಮರೆತಿಲ್ಲ ಎಂದೋ? ಇಲ್ಲಿದ್ದಿದ್ದರೆ ನೋಡಿಕೊಳ್ಳುತ್ತಿದ್ದಿರಿ, ಆದರೆ ಇಲ್ಲವಲ್ಲ ಎಂದೋ? ಸ್ಪ್ಯಾನಿಷಿನಲ್ಲಾದರೆ ಕೇಳಿದೊಡನೆ ತಿಳಿಯುತ್ತಿತ್ತು. ಕನ್ನಡ ನಮ್ಮ ಮರ್ಯಾದೆ ಉಳಿಸಿತು. ಅಥವಾ ಅತ್ತಿಗೆ ಉಳಿಸಿದರು.

ಪರದೇಶದಲ್ಲಿರುವವರಿಗೆ ಈ ರೂಪ ಬಹಳ ಹಿತವಾದ ಚಾದರ ಎಂದು ನಮಗೆ ಅಂದು ಅನಿಸಿತು. ಇದ್ದಿದ್ದರೆ ಬರುತ್ತಿದ್ದೆವು, ರಜ ಸಿಕ್ಕಿದ್ದರೆ ಹೊರಡುತ್ತಿದ್ದೆವು, ಮಗುವಿನ ಶಾಲೆ ಇಲ್ಲದಿದ್ದರೆ ಇದ್ದುಬಿಡುತ್ತಿದ್ದೆವು. ಇದರಲ್ಲಿ ಯಾವುದೂ ಸುಳ್ಳಲ್ಲ. ನಮ್ಮ ಕಸುಬಿನಲ್ಲಿ ಇದಕ್ಕೊಂದು ಹೋಲಿಕೆ ಇದೆ. ನಾವು ಬದುಕುವ ಹವೆ, ಒತ್ತಡಗಳಲ್ಲಿ ವಜ್ರಕ್ಕಿಂತ ಪೆನ್ಸಿಲಿನ ಗ್ರಾಫೈಟೇ ಇಂಗಾಲಕ್ಕೆ ನೆಮ್ಮದಿಯ ಸ್ಥಿತಿ. ಲೆಕ್ಕದ ಪ್ರಕಾರ ಬೆರಳಿನ ಉಂಗುರದ ವಜ್ರವೆಲ್ಲ ಗ್ರಾಫೈಟ್ ಆಗಬೇಕು. ಆಗುವುದಿಲ್ಲ, ಏಕೆಂದರೆ ನಡುವೆ ದಾಟಬೇಕಾದ ಶಕ್ತಿಯ ದಿಬ್ಬ ಬಹಳ ಎತ್ತರ. ಇಳಿಜಾರು ಇದ್ದರೂ ಯಾರೂ ತಳ್ಳದೆ ಬಂಡೆ ಉರುಳುವುದಿಲ್ಲ. ಊರಿಗೆ ಹೋಗಬೇಕೆಂಬ ನಮ್ಮೆಲ್ಲರ ಇಚ್ಛೆಯೂ ಲೆಕ್ಕದಲ್ಲಿ ಸರಿಯಾಗಿಯೇ ಇದೆ.

ಈಸ್ಟರ್ ರಜೆಯಲ್ಲಿ ಕಾರು ಹತ್ತಿ ಹ್ಯೂಮ್ ಹೆದ್ದಾರಿಯಲ್ಲಿ ಸುಮಾರು 880 ಕಿಲೋಮೀಟರು ಓಡಿಸಿಕೊಂಡು ಸಿಡ್ನಿಗೆ ಹೋದೆವು. ದಾರಿಯುದ್ದಕ್ಕೂ ಆಲ್ಬರಿ, ಗಂಡಗೈ ದಾಟುತ್ತಾ ಒಬ್ಬರು ಓಡಿಸುವುದು, ಇನ್ನೊಬ್ಬರು ರೂಪಗಳನ್ನು ಒಪ್ಪಿಸುವುದು. ಹಿಂದಿನ ಸೀಟಿನಿಂದ ಪುಟ್ಟಿ ತಪ್ಪು ಹಿಡಿಯುವುದು. ಅಬುವೇಲಾ ಈಗ ವೃದ್ಧಾಶ್ರಮದಲ್ಲಿದ್ದಾರೆ. ಶುಚಿಯಾದ ಜಾಗ, ನಗುಮುಖದ ದಾದಿಯರು. ಅವರಲ್ಲಿ ಯಾರಿಗೂ ಸ್ಪ್ಯಾನಿಷ್ ಬರುವುದಿಲ್ಲ. ಕೋಣೆಯಲ್ಲಿ ಎಸ್.ಬಿ.ಎಸ್. ರೇಡಿಯೋದ ಸ್ಪ್ಯಾನಿಷ್ ಕಾರ್ಯಕ್ರಮ ಸಣ್ಣದಾಗಿ ಹಾಡುತ್ತಿತ್ತು. ಕನ್ನಡದ ಕಾರ್ಯಕ್ರಮವೂ ಅದೇ ರೇಡಿಯೋದಲ್ಲಿ ಒಂದು ಕಾಲಕ್ಕೆ ಇತ್ತು ಎಂಬುದು ನೆನಪಾಗಿ, ಆ ಕುರ್ಚಿಯಲ್ಲಿ ಮುಂದೆ ಯಾರು ಕೂತಿರುತ್ತಾರೋ ಎಂಬ ಯೋಚನೆ ಹಾದುಹೋಯಿತು. ಅವರಿಗೆ ನಮ್ಮ ಹೆಸರು ಮರೆತಿತ್ತು. ಆದರೆ ಮನೆಗೆ ಯಾರೋ ಬಂದಿದ್ದಾರೆ, ಉಪಚಾರ ಮಾಡಬೇಕು ಎಂಬುದು ಮರೆತಿರಲಿಲ್ಲ. ಸೀರೆಯ ಸೆರಗನ್ನು ಮುಟ್ಟಿ ನೋಡಿದರು, ಪುಟ್ಟಿಯ ಕೆನ್ನೆ ಹಿಡಿದರು. ಆಮೇಲೆ ನೆಟ್ಟಗೆ ಕುಳಿತು, ಮನೆಯ ಯಜಮಾನಿಯ ಗತ್ತಿನಿಂದ ಕೇಳಿದರು: "ಸೆ ಕೆದಾರಿಯಾನ್ ಅ ತೊಮಾರ್ ಒನ್ಸೆ?"

ಆರು ತಿಂಗಳಲ್ಲಿ ಮೊದಲ ಬಾರಿಗೆ ಒಂದು ಇಡೀ ವಾಕ್ಯ, ಪುಸ್ತಕದಿಂದ ಎದ್ದು ಬಂದಂತೆ, ನಮಗೆ ಪೂರ್ತಿ ಅರ್ಥವಾಯಿತು. ಚಹ ಕುಡಿದುಕೊಂಡು ಹೋಗಬಹುದಲ್ಲ, ಸ್ವಲ್ಪ ಹೊತ್ತು ಉಳಿದುಕೊಳ್ಳುತ್ತೀರಾ? ಮರ್ಯಾದೆಗಾಗಿ ಅದೇ ರೂಪ. ನಮ್ಮವರು "ಊಟ ಮಾಡಿಕೊಂಡು ಹೋಗಿದ್ದರೆ ಚೆನ್ನಾಗಿತ್ತು" ಎನ್ನುವ ಹಾಗೆ. ನಮಗೆ ಆರು ಗಂಟೆಗೆ ಟೂಂಗ್ಯಾಬಿಯಲ್ಲಿ ಗೆಳೆಯರ ಮನೆಯ ಊಟ ಒಪ್ಪಿಕೊಂಡದ್ದಿತ್ತು. ಉತ್ತರವೂ ನಾಲಗೆಯ ತುದಿಯಲ್ಲಿ ಸಿದ್ಧವಾಗಿತ್ತು, ತರಗತಿಯಲ್ಲಿ ನೂರು ಸಲ ಹೇಳಿದ್ದು: "ನೊಸ್ ಕೆದಾರಿಯಾಮೊಸ್, ಪೆರೊ..." ಉಳಿದುಕೊಳ್ಳುತ್ತಿದ್ದೆವು, ಆದರೆ. ಬಾಯಿ ತೆರೆಯುವಷ್ಟರಲ್ಲಿ ಪುಟ್ಟಿ ಹಾಸಿಗೆಯ ಅಂಚಿನ ಮೇಲೆ ಹತ್ತಿ ಕುಳಿತುಕೊಂಡು, "ಸಿ, ನೊಸ್ ಕೆದಾಮೊಸ್" ಎಂದುಬಿಟ್ಟಳು.

ಹೂಂ, ಇರುತ್ತೇವೆ. "ಆದರೆ" ಇಲ್ಲ, "ಇದ್ದಿದ್ದರೆ" ಇಲ್ಲ. ಫೇರ್‌ಫೀಲ್ಡಿನ ಅಡುಗೆಮನೆಯಲ್ಲಿ ಭುಜ ಕುಣಿಸಿ ಅವರು ಹೇಳಿದ್ದ ಮಾತೂ ಇದೇ ಎಂದು ಆಗ ಹೊಳೆಯಿತು. ನ್ಯಾಯವಾಗಿ ಹೇಳಬೇಕೆಂದರೆ ಸ್ಪ್ಯಾನಿಷಿನಲ್ಲೂ ಬೇಲಿ ಇಲ್ಲದ ಜಾಗ ಇದೆ: ನೊಸ್ ಕೆದಾಮೊಸ್ ಎಂದರೆ "ಉಳಿದುಕೊಳ್ಳುತ್ತೇವೆ" ಎಂದೂ ಹೌದು, "ಉಳಿದುಕೊಂಡುಬಿಟ್ಟೆವು" ಎಂದೂ ಹೌದು. ಮಗುವಿನ ಬಾಯಲ್ಲಿ ಮೊದಲನೆಯದು. ಅವರ ಬಾಯಲ್ಲಿ ಅಂದು ಎರಡನೆಯದು.

ದಾದಿ ಚಹ ತಂದರು, ಜೊತೆಗೆ ಎರಡು ಬಿಸ್ಕತ್ತು. ಅಬುವೇಲಾ ಅವನ್ನು ಮುರಿದು ನಾಲ್ಕು ಭಾಗ ಮಾಡಿ ನಮಗೆಲ್ಲ ಹಂಚಿ, ತಮ್ಮ ಪಾಲನ್ನು ತಟ್ಟೆಯಲ್ಲೇ ಇಟ್ಟರು, ಮತ್ತೆ ಯಾರಾದರೂ ಬಂದಾರು ಎಂದು. ಟೂಂಗ್ಯಾಬಿಯ ಗೆಳೆಯರಿಗೆ ಫೋನು ಮಾಡಿ ತಡವಾಗುತ್ತದೆ ಎಂದೆವು. ಅವರು ಬೇಸರ ಮಾಡಿಕೊಳ್ಳಲಿಲ್ಲ. ಬಿಸಿಬೇಳೆ ಹುಳಿಯನ್ನ ಎಷ್ಟು ಹೊತ್ತು ಇಟ್ಟರೂ ರುಚಿಯೇ.

ಮೆಲ್ಬರ್ನಿಗೆ ಬಂದ ಮೊದಲ ಭಾನುವಾರ ಹಾಸನಕ್ಕೆ ಫೋನು ಮಾಡುವ ಮುನ್ನ ಇಬ್ಬರೂ ಕೂತು ಲೆಕ್ಕ ಹಾಕಿದೆವು. ರಜ ಎಷ್ಟು, ಸಂಬಳವಿಲ್ಲದ ರಜ ಎಷ್ಟು, ಮನೆಯ ಕಂತು ಎಷ್ಟು. ಡಿಸೆಂಬರಿನಲ್ಲಿ ಮೂವರೂ ಹೊರಡುವುದು. ಪುಟ್ಟಿಯ ಶಾಲೆ ತೆರೆಯುವಾಗ ಇಬ್ಬರು ಹಿಂತಿರುಗಿ, ಒಬ್ಬರು ಮಾರ್ಚಿವರೆಗೆ ಅಲ್ಲಿ ಉಳಿದುಕೊಳ್ಳುವುದು. ಆ ಮೂರು ತಿಂಗಳು ಅಮ್ಮನನ್ನು ಎಬ್ಬಿಸುವುದು, ತಲೆ ಬಾಚುವುದು ನಮ್ಮ ಕೆಲಸ. ಅತ್ತಿಗೆ ತಿಪಟೂರಿನ ತವರಿಗೆ ಹೋಗಿ ಎರಡು ವರ್ಷವಾಯಿತು, ಹೋಗಿ ಬರಲಿ. ಇದರಿಂದ ಋಣ ತೀರುತ್ತದೆ ಎಂದು ನಾವು ತಿಳಿದಿಲ್ಲ. ಮಾರ್ಚ್ ಆದ ಮೇಲೆ ಏಪ್ರಿಲ್ ಬರುತ್ತದೆ, ಅತ್ತಿಗೆ ಮತ್ತೆ ಅದೇ ಬಚ್ಚಲುಮನೆಯ ಬಾಗಿಲಲ್ಲಿ ಟವಲು ಹಿಡಿದು ನಿಲ್ಲುತ್ತಾರೆ. ಆದರೂ ಟಿಕೆಟ್ಟು ತೆಗೆದುಕೊಂಡಿದ್ದೇವೆ. ಈ ವಾಕ್ಯದಲ್ಲಿ ಕೊಳ್ಳು ಇದೆ, "ಆದರೆ" ಇಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅತ್ತಿಗೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಬನ್ನಿ. ಬಂದ್ಮೇಲೆ ನೋಡ್ಕೊಳ್ಳೋಣ" ಎಂದರು.

ಬಂದಾಗ ನಂಬುತ್ತೇನೆ ಎಂದೋ, ಬಂದ ಮೇಲೆ ಎಲ್ಲರೂ ಸೇರಿ ಅಮ್ಮನನ್ನು ನೋಡಿಕೊಳ್ಳೋಣ ಎಂದೋ ನಮಗೆ ಈಗಲೂ ಗೊತ್ತಾಗಿಲ್ಲ. ಮಂಗಳವಾರ ತರಗತಿಯಲ್ಲಿ ಕೇಳಿ ನೋಡಿದೆವು. ಆ ಒಂದು ಮಾತಿಗೆ ಸ್ಪ್ಯಾನಿಷಿನಲ್ಲಿ ಎರಡು ಬೇರೆ ಬೇರೆ ವಾಕ್ಯ ಬೇಕಂತೆ.